ಅಳುಕಿದ ರಾಣಿಯ ಓಲೆ

"ತೀರಿಹೋದ ರಾಣಿ ವೀರಾಂಬೆಯವರು ತಂಗಿಗೆ ಬರೆದ, ಈಗ ನಮ್ಮ ಕೈಸೇರಿರುವ ಓಲೆಗಳನ್ನು ಊರೂರಿನಲ್ಲಿ ಓದಿಸಲಾಗುವುದು. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕೆಂದು ಆರಿಸುವ ಅಧಿಕಾರ ನಮ್ಮ ಮೂರು ಒಗಟು ಬಿಡಿಸಿದವರಿಗೆ. ತಪ್ಪಿದವರ ತಲೆ ಉಳಿಯದು!"

ಕೆಂಗಲ್ಲುಪಟ್ಟಣದ ಬೀದಿಗಳಲ್ಲಿ ಹೀಗೆಂದು ಡಂಗುರ ಹೊಡೆಸಿದವಳು ವೀರಾಂಬೆಯ ಮಗಳು, ಹೊಸದಾಗಿ ಪಟ್ಟಕ್ಕೆ ಬಂದ ಪದುಮಲೆ.

ಮೊದಲು ಬಂದವರು ಆಸ್ಥಾನಕವಿ ದೇವರಸರು.

"ಕತ್ತರಿಸಿದಷ್ಟೂ ಬೆಳೆಯುವುದು ಯಾವುದು?" ಎಂದು ಪದುಮಲೆ ಕೇಳಿದಳು.

"ಕೂದಲು" ಎಂದರು. ಕಾವಲಿನವರು ಅವರನ್ನು ಸೆರೆಗೆ ಒಯ್ದರು. ಆಮೇಲೆ ಬಂದ ದಂಡನಾಯಕ ಕೇತಯ್ಯ "ಶತ್ರುಗಳು" ಎಂದ. ಅವನಿಗೂ ಅದೇ ಗತಿಯಾಯಿತು.

ಆಗ ಓಲೆಕಾರ ಮಾಚ ಮುಂದೆ ಬಂದ. ಆ ಓಲೆಗಳನ್ನೆಲ್ಲ ತಂಗಿಯ ಊರಿಗೆ ಮುಟ್ಟಿಸಿದವನು ಅವನೇ. ಬಿಸಿಲಲ್ಲಿ ಓಡಿಬಂದಾಗ ರಾಣಿ ಕೈಯಾರೆ ಮಜ್ಜಿಗೆ ಕೊಡುತ್ತಿದ್ದಳು. ಅವಳ ಮಾತುಗಳು ಚೂರುಚೂರಾಗುವುದನ್ನು ನೋಡಿಕೊಂಡು ಸುಮ್ಮನಿರಲು ಅವನಿಂದಾಗಲಿಲ್ಲ.

"ಅನುಮಾನ, ದೊರೆಸಾನಿ. ಓಲೆಯಲ್ಲಿ ಒಂದು ಸಾಲು ಕತ್ತರಿಸಿ ನೋಡಿ. ಅಲ್ಲೇನಿತ್ತೋ ಎಂದು ಊರೆಲ್ಲ ಮಾತಾಡಿಕೊಳ್ಳುತ್ತದೆ."

"ಸರಿ. ಒಂದೂ ಸುಳ್ಳು ಪದವಿಲ್ಲದ ಸುಳ್ಳು ಯಾವುದು?"

"ಅರ್ಧ ಓದಿದ ಓಲೆ. ಗೆದ್ದ ಸುದ್ದಿಯಷ್ಟೇ ಓದಿಸಿದರೆ, ನಿಮ್ಮವ್ವ ಯಾವತ್ತೂ ಅಳಲೇ ಇಲ್ಲವೆಂದು ಜನ ನಂಬುತ್ತಾರೆ."

ಪದುಮಲೆಯ ಮುಖ ಬಿಗಿದುಕೊಂಡಿತು. "ಅವ್ವ ಒಮ್ಮೆ ಸತ್ತಳು. ಆಯುಧವಿಲ್ಲದೆ ಅವಳನ್ನು ಮತ್ತೊಮ್ಮೆ ಕೊಲ್ಲಬಲ್ಲವರು ಯಾರು?"

ಮಾಚ ತಲೆ ತಗ್ಗಿಸಲಿಲ್ಲ.

"ನೀವೇ, ದೊರೆಸಾನಿ. ಅದೂ ಪ್ರೀತಿಯಿಂದಲೇ. ಅವರ ಅಳುಕು, ಸಿಟ್ಟು, ತಮಾಷೆ ಎಲ್ಲ ತೆಗೆದುಹಾಕಿದರೆ ಉಳಿಯುವುದು ಕಲ್ಲಿನ ವಿಗ್ರಹ. ನಿಮ್ಮವ್ವ ಅಲ್ಲ."

ಪದುಮಲೆ ಮಡಿಲಿಂದ ಒಂದು ಓಲೆ ತೆಗೆದು ಅವನ ಕೈಗಿಟ್ಟಳು. "ಇದನ್ನು ಸುಡಬೇಕೆಂದಿದ್ದೆ. ಯಾರಾದರೂ ಬೇಡವೆನ್ನಲಿ ಎಂದು ಕಾಯುತ್ತಲೂ ಇದ್ದೆ. ಮೂರೂ ಉತ್ತರ ಸರಿ. ಇನ್ನು ಆರಿಸುವವನು ನೀನು. ಬೇರೇನು ಬೇಕು ಕೇಳು."

"ಸೆರೆಯಲ್ಲಿರುವ ಇಬ್ಬರ ತಲೆ ಬೇಕು, ಅವರವರ ಹೆಗಲ ಮೇಲೆಯೇ."

ಪಟ್ಟಕ್ಕೆ ಬಂದ ಮೇಲೆ ಮೊದಲ ಸಲ ಪದುಮಲೆ ನಕ್ಕಳು. ಇಬ್ಬರೂ ಬಿಡುಗಡೆಯಾದರು.

ಮುಂದಿನ ಸಂತೆಯ ದಿನ ಮಾಚ ಆ ಓಲೆಯನ್ನೇ ಮೊದಲು ಓದಿಸಿದ. ಓದಿದವರು ದೇವರಸರು: "ತಂಗೀ, ನಾಳೆ ಯುದ್ಧ. ಕೈ ನಡುಗುತ್ತಿದೆ, ಅನ್ನ ಗಂಟಲಿಗಿಳಿಯುತ್ತಿಲ್ಲ. ಆದರೂ ಹೊರಡುತ್ತೇನೆ."

ಗುಂಪಿನಲ್ಲಿ ನಿಂತಿದ್ದ ಕುಂಟು ಸಿಪಾಯಿಯೊಬ್ಬ ಕಣ್ಣೊರೆಸಿಕೊಂಡ. "ಅವತ್ತು ನಮಗೂ ಹಾಗೇ ಆಗಿತ್ತು" ಎಂದ. "ಆ ತಾಯಿಯ ಹಿಂದೆ ಹೋಗಿದ್ದು ಸರಿಯಾಯ್ತು."