ಘಟ್ಟ ಹತ್ತಿದ ಅಲೆ

ಮಕ್ಕಳೇ, ಹಗರಿಕೊಪ್ಪದ ಸಾತವ್ವನ ಮಾವಿನಮಿಡಿ ಉಪ್ಪಿನಕಾಯಿಗೆ ಸಾಟಿಯೇ ಇರಲಿಲ್ಲ. ಆಕೆ ಭರಣಿಯ ಮುಚ್ಚಳ ತೆಗೆದರೆ ಮೂರು ಊರಾಚೆ ಮದುಮಗನ ಬಾಯಲ್ಲಿ ನೀರೂರಿ ಮುಹೂರ್ತ ತಪ್ಪುತ್ತಿತ್ತು. ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ. ಆಗಿನ್ನೂ ನಾನು ಹುಟ್ಟಿರಲಿಲ್ಲ, ಅಷ್ಟೇ.

ಅವಳಿಗೆ ಉಪ್ಪು ಬರುತ್ತಿದ್ದುದು ಘಟ್ಟದ ಕೆಳಗಿನ ಕಡಲತೀರದಿಂದ. ಮಿಡಿ ಕೊಯ್ಯುವ ಹೊತ್ತಿಗೆ ಸರಿಯಾಗಿ ಅಲ್ಲಿ ಉಪ್ಪು ಬೆಳೆಯುವ ಹಮ್ಮಣ್ಣ ಎತ್ತಿನಗಾಡಿ ತುಂಬ ಉಪ್ಪು ತರುತ್ತಿದ್ದ. ಒಂದು ವರ್ಷ ಗಾಡಿ ಖಾಲಿ ಬಂತು.

"ಅವ್ವಾ, ಬಿರುಗಾಳಿ ಎದ್ದು ಕಡಲು ಉಪ್ಪಿನ ಆಗರಕ್ಕೇ ನುಗ್ಗಿತು. ಒಡ್ಡು, ಗುಡಿಸಲು ಒಂದೂ ಉಳಿದಿಲ್ಲ. ಮಳೆಗಾಲದೊಳಗೆ ಒಡ್ಡು ಕಟ್ಟದಿದ್ದರೆ ಬರುವ ವರ್ಷವೂ ಉಪ್ಪಿಲ್ಲ, ನಮಗೆ ಗಂಜಿಯಿಲ್ಲ. ನಾಲ್ಕು ಆಳು, ಒಂದಿಷ್ಟು ಜೋಳ ಕೊಡಿಸಿ."

ಸಾತವ್ವ ನಕ್ಕಳು. "ಅಲ್ಲೋ ಹಮ್ಮಣ್ಣಾ, ನಮ್ಮಲ್ಲಿ ಒಂದು ಎಲೆ ಅಲ್ಲಾಡಿಲ್ಲ. ನಿಮ್ಮ ಅಲೆ ಘಟ್ಟ ಹತ್ತಿ ಇಲ್ಲೀತನಕ ಬರತೈತೇನು?"

ಹಮ್ಮಣ್ಣ ಖಾಲಿ ಗಾಡಿಯನ್ನೇ ಘಟ್ಟದ ಕಡೆ ತಿರುಗಿಸಿದ.

ಸಾತವ್ವನ ಪಡಸಾಲೆಯಲ್ಲಿ ಆಗಲೇ ಹತ್ತು ಭರಣಿಗಾಗುವಷ್ಟು ಮಿಡಿ ಬಂದು ಬಿದ್ದಿತ್ತು. ಅದೇ ಅವಳ ವರ್ಷದ ಅನ್ನ. ಉಪ್ಪಿಗಾಗಿ ಬೀದಿ ಬೀದಿ ಸುತ್ತಿದಳು. ಸುದ್ದಿ ತಿಳಿದ ಊರವರು ಉಪ್ಪಿನ ಮಡಕೆಗಳನ್ನು ಅಟ್ಟಕ್ಕೇರಿಸಿದ್ದರು. "ಉಪ್ಪಾ? ನಾವು ತಿನ್ನೋದೇ ಬಿಟ್ಟೀವಿ!" ಅಂದಳು ಎದುರುಮನೆಯವಳು, ಹುಣಸೆಕಾಯಿಗೆ ಉಪ್ಪು ಹಚ್ಚಿ ಚೀಪುತ್ತಲೇ.

ಕೊನೆಗೆ ಸಿಕ್ಕ ಮೂರು ಸೇರನ್ನು ಸಾತವ್ವ ಹತ್ತು ಭರಣಿಗೂ ಹಂಚಿದಳು. ಒಂದಕ್ಕೇ ಹಾಕಿದ್ದರೆ ಅದೊಂದಾದರೂ ಉಳಿಯುತ್ತಿತ್ತು. ಆಸೆ ಬಿಡಬೇಕಲ್ಲ! ಉಪ್ಪು ಸಾಲದೆ ಮಿಡಿ ಸುಕ್ಕುಗಟ್ಟಲೇ ಇಲ್ಲ. ಎಂಟನೇ ದಿನ ನೋಡಿದರೆ ಹತ್ತಕ್ಕೆ ಹತ್ತೂ ಬಿಳಿ ಬೂಷ್ಟು ಹಿಡಿದಿದ್ದವು.

ಎಲ್ಲವನ್ನೂ ತಿಪ್ಪೆಗೆ ಸುರಿದು ಅವಳು ಅಲ್ಲೇ ಕುಳಿತಳು. "ಮಿಡಿ ಹೋಗಿದ್ದಕ್ಕೇ ನನ್ನ ಹೊಟ್ಟಿ ಹಿಂಗ ಉರೀತೈತಿ. ಮನೀನೇ ಹೋದವರಿಗೆ ಹೆಂಗಾಗಿರಬೇಕು?"

ಮಾರನೆಯ ದಿನ ಊರವರನ್ನೆಲ್ಲ ಕಾಡಿ ಬೇಡಿ ಹನ್ನೆರಡು ಆಳುಗಳನ್ನು ಹೊರಡಿಸಿ, ಜೋಳದ ಮೂಟೆ ಹೇರಿಸಿ, ತಾನೇ ಮುಂದಾಗಿ ನಡೆದಳು. ಆ ಮೂಟೆಗಳ ಭಾರಕ್ಕೆ ಘಟ್ಟ ಎರಡು ಗೇಣು ತಗ್ಗಿತೆಂದು ನಮ್ಮಜ್ಜ ಹೇಳುತ್ತಿದ್ದ. ಅಜ್ಜ ಸ್ವಲ್ಪ ಬುರುಡೆ. ನಾನು ಅಳೆದಾಗ ಒಂದೂವರೆಯೇ ಇತ್ತು.

ಕಡಲತೀರದಲ್ಲಿ ಹಮ್ಮಣ್ಣನ ಹೆಂಡತಿ ಮಾದೇವಿ ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದಳು. "ಸುಮ್ಮನೆ ಇಷ್ಟು ದೂರ ಬಂದ್ರಿ, ಅಕ್ಕಾ. ಒಂದು ಹರಳು ಉಪ್ಪೂ ಇಲ್ಲ."

ಸಾತವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಉಪ್ಪು ಕೇಳಾಕ ಬಂದಿಲ್ಲವ್ವಾ. ಬುಟ್ಟಿ ಕೊಡು. ಮಣ್ಣು ಎಲ್ಲಿ ಹಾಕಬೇಕು, ತೋರಿಸು."

ಮೊದಲ ಮಳೆ ಬೀಳುವಷ್ಟರಲ್ಲಿ ಒಡ್ಡು ಎದ್ದು ನಿಂತಿತು. ಆ ವರ್ಷವಿಡೀ ಹಗರಿಕೊಪ್ಪದವರು ಉಪ್ಪಿನಕಾಯಿ ಇಲ್ಲದೆಯೇ ಉಂಡರು. ಯಾರೂ ಗೊಣಗಲಿಲ್ಲ.

ನೀತಿ: ದೂರದೂರಿನ ಆಪತ್ತು ದೂರದಲ್ಲೇ ನಿಲ್ಲುವುದಿಲ್ಲ, ಅಲ್ಲಿಯವರ ದುಡಿಮೆ ಬರುವ ದಾರಿಯಲ್ಲೇ ಅದೂ ನಮ್ಮ ಅಡುಗೆಮನೆಗೆ ಬರುತ್ತದೆ. ಬರುವ ಮೊದಲೇ ನೆರವಿಗೆ ಹೊರಡುವವರು ಜಾಣರು. ಬಂದ ಮೇಲಾದರೂ ಹೊರಡುವವರು ಮನುಷ್ಯರು.