ಹಿಮ್ಮಡಿ ಘಟ್ಟಕ್ಕೆ ಆ ಹೆಸರು ಬಂದದ್ದು

ಮೇಲ್ಬೈಲಿಗೆ ಹತ್ತುವ ಕಾಲುದಾರಿ ಮಾಡುಗಲ್ಲೆಂಬ ಚಾಚುಬಂಡೆಯ ಬಳಿ ಎರಡಾಗಿ ಒಡೆಯುತ್ತದೆ. ಒಂದು ಇಳಿದು ಹಳ್ಳದ ಕಡೆಗೆ ಹೋಗುತ್ತದೆ. ಇನ್ನೊಂದು ಕಲ್ಲುಗಳ ಮೇಲೆ ಏರುತ್ತಾ, ಹಳ್ಳ ಹುಟ್ಟುವ ಜಾಗವನ್ನೇ ಬಳಸಿಕೊಂಡು ಬೆಟ್ಟದ ನೆತ್ತಿ ಸೇರುತ್ತದೆ. ಈ ಏರುದಾರಿಯ ಹೆಸರೇ ಹಿಮ್ಮಡಿ ಘಟ್ಟ. ಮಳೆಗಾಲ ಬಂತೆಂದರೆ ದೂರದೂರುಗಳ ಹುಡುಗ ಹುಡುಗಿಯರು ತಲೆಗಿಂತ ಎತ್ತರದ ಚೀಲಗಳನ್ನು ಬೆನ್ನಿಗೇರಿಸಿಕೊಂಡು ಇಲ್ಲಿಗೆ ಬರುತ್ತಾರೆ. ದಾರಿಯೇ ತೊರೆಯಾಗಿ ಹರಿಯುವಾಗ ಅದರೊಳಗೆ ನಡೆಯುವುದೇ ಅವರಿಗೊಂದು ಸಂಭ್ರಮ. ಭೀಮಸೇನ ಹಿಮ್ಮಡಿ ಊರಿದ ಗುರುತು ಇಲ್ಲಿದೆ ಎಂದು ಯಾರೋ ಅವರ ಕಿವಿಗೆ ಹಾಕಿರುತ್ತಾರೆ. ಪಾಪ, ಕಂಡ ಕಂಡ ಗುಳಿಯಲ್ಲೆಲ್ಲ ಕಾಲಿಟ್ಟು ನೋಡುತ್ತಾರೆ. ಭೀಮನಿಗೆ ನಮ್ಮ ಸೀಮೆಯಲ್ಲಿ ಬೇಕಾದಷ್ಟು ಬಂಡೆಗಳಿವೆ. ಇದೊಂದನ್ನಾದರೂ ಅವನು ಜಟ್ಟಪ್ಪನಿಗೆ ಬಿಟ್ಟುಕೊಡಬೇಕು.

ಹಿಂದೆ ಒಮ್ಮೆ, ಈ ಕಡೆ ಗಾಡಿರಸ್ತೆಯ ಮಾತೇ ಇಲ್ಲದ ಕಾಲದಲ್ಲಿ, ಕರಾವಳಿಯ ಕಡವಿನಕೇರಿಯಲ್ಲಿ ಜಟ್ಟಪ್ಪ ಎಂಬವನಿದ್ದ. ಮನುಷ್ಯ ಬಂಗಾರದಂಥವನು, ಆದರೆ ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋಗಿ ಮುಟ್ಟಿದವನಲ್ಲ. ಅಕ್ಕ ಗಣಪಿಯ ಹಿರಿಮಗಳ ಮದುವೆಗೆ ಹೊರಟವನು ದಾರಿಯಲ್ಲಿ ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕ ಕಂಡು ನಿಂತುಬಿಟ್ಟ. ಹೆಣ್ಣನ್ನು ಎತ್ತಿ ಮಂಟಪಕ್ಕೆ ತರಬೇಕಾದ ಸೋದರಮಾವನೇ ನಾಪತ್ತೆ. ಕೊನೆಗೆ ನೆರೆಮನೆಯವನೊಬ್ಬ ಆ ಶಾಸ್ತ್ರ ಮುಗಿಸಿದ. ಜಟ್ಟಪ್ಪ ಬಂದಾಗ ಎಂಜಲೆಲೆ ಎತ್ತುತ್ತಿದ್ದರು. ಅಂದಿನಿಂದ ಗಣಪಿ ತಮ್ಮನೊಡನೆ ಮಾತು ಬಿಟ್ಟಳು. ಅವಳಿಗೆ ತವರೆಂದು ಉಳಿದವನು ಅವನೊಬ್ಬನೇ, ಅವನಿಗೂ ಅವಳನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಕಿರಿಮಗಳು ಮಾದೇವಿಗೆ ಮೇಲ್ಬೈಲಿನ ಗಂಡು ಗೊತ್ತಾದಾಗ ಗಣಪಿ ತಮ್ಮನಿಗೆ ಕರೆ ಕಳಿಸಿದಳು. ಈ ಸಲವೂ ತಪ್ಪಿದರೆ ತನಗೆ ತಮ್ಮನೇ ಹುಟ್ಟಿರಲಿಲ್ಲ ಎಂದುಕೊಳ್ಳುತ್ತೇನೆಂಬ ಮಾತನ್ನೂ ಅದರ ಜೊತೆಗೇ ಕಳಿಸಿದಳು.

ಆಗೆಲ್ಲ ಧಾರೆ ಗಂಡಿನ ಮನೆಯಂಗಳದಲ್ಲಿ. ಹೆಣ್ಣಿನ ಕಡೆಯವರು ಅಕ್ಕಿ, ಕಾಯಿ, ಅರಿಶಿನ, ಸೀರೆಗಳ ಗಂಟು ಬೆನ್ನಿಗೆ ಕಟ್ಟಿ ದಿನಗಟ್ಟಲೆ ನಡೆದೇ ಹೋಗಬೇಕು. ಸೋದರಮಾವನ ಉಡುಗೊರೆಯೆಂದು ಜಟ್ಟಪ್ಪ ಒಂದು ತಾಮ್ರದ ಕೊಪ್ಪರಿಗೆ ತಂದಿದ್ದ. ಮಳೆಗೆ ಇನ್ನೂ ದಿನವಿದೆ ಎಂದುಕೊಂಡು ಹೊರಟಿದ್ದರು. ಘಟ್ಟದ ಬುಡ ಮುಟ್ಟುವುದಕ್ಕೂ ಮುಗಿಲು ಹರಿದು ಬೀಳುವುದಕ್ಕೂ ಸರಿಹೋಯಿತು. ಕೊಪ್ಪರಿಗೆಯನ್ನು ಬೆನ್ನಿಗೆ ಕಟ್ಟಿದರೆ ನೀರು ತುಂಬಿ ಹಿಂದಕ್ಕೆಳೆಯುತ್ತದೆ. ಜಟ್ಟಪ್ಪ ತಲೆಗೆ ಸಿಂಬೆ ಇಟ್ಟು ಅದನ್ನು ಬೋರಲು ಹೊತ್ತ. ಅದರ ಅಂಚು ಹೆಗಲ ತನಕ ಇಳಿಯಿತು. ಈಗ ಅವನಿಗೆ ಕಾಣುವುದು ಬುಡದ ನೆಲ, ಮತ್ತು ಮುಂದೆ ಹೋಗುವವರ ಹಿಮ್ಮಡಿ, ಅಷ್ಟೇ. ತಾಮ್ರದ ಮೇಲೆ ಬಡಿಯುವ ಮಳೆಯ ಸದ್ದಿನಲ್ಲಿ ಕಿವಿಯಂತೂ ಪೂರ್ತಿ ಕೆಲಸ ಬಿಟ್ಟಿತ್ತು. ನಿನ್ನ ಹಿಮ್ಮಡಿ ಬಿಟ್ಟು ಅತ್ತಿತ್ತ ಹೋಗುವುದಿಲ್ಲ ಎಂದು ಅವನು ಅಕ್ಕನಿಗೆ ಕೊಪ್ಪರಿಗೆಯೊಳಗಿನಿಂದಲೇ ಮಾತು ಕೊಟ್ಟ. ಅವಳು ಗಂಟನ್ನು ಬಿಗಿದುಕೊಂಡು ಮುಂದೆ ನಡೆದಳು.

ಮಾಡುಗಲ್ಲಿನ ಅಡಿ ಎಲ್ಲರೂ ಒತ್ತೊತ್ತಾಗಿ ನಿಂತು ದಣಿವಾರಿಸಿಕೊಂಡರು. ಒಮ್ಮೆ ಇಳಿಸಿದರೆ ಮತ್ತೆ ಹೊರಿಸಲು ಇಬ್ಬರು ಬೇಕೆಂದು ಜಟ್ಟಪ್ಪ ಮಾತ್ರ ಕೊಪ್ಪರಿಗೆ ಇಳಿಸಲಿಲ್ಲ. ಬಂಡೆಗೆ ಒರಗಿ ಹಾಗೇ ನಿಂತ. ಸ್ವಲ್ಪ ಹೊತ್ತಿಗೆ ಒಡೆದು ಬಿರುಕುಬಿಟ್ಟ ಎರಡು ಹಿಮ್ಮಡಿಗಳು ಅವನ ಮುಂದೆ ಹಾದು ಹೊರಟವು. ಇವನೂ ಹೊರಟ. ದಾರಿ ನೀರಾಗಿ ಹರಿಯುತ್ತಿತ್ತು, ಹಿಮ್ಮಡಿಗಳು ಒಮ್ಮೆ ಮುಳುಗಿ ಒಮ್ಮೆ ಎದ್ದು ಹೋಗುತ್ತಿದ್ದವು. ಮುಖ ಕಾಣದಿದ್ದದ್ದೇ ಅವನಿಗೆ ಧೈರ್ಯವಾಯಿತೆಂದು ತೋರುತ್ತದೆ. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನೆಲ್ಲ ಏರುದನಿಯಲ್ಲಿ ಹೇಳತೊಡಗಿದ. ಕೋಳಿ ಅಂಕದ ಕತೆ ಹೇಳಿದ. ಎಂಜಲೆಲೆಗಳ ಮುಂದೆ ನಿಂತಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿದ್ದನ್ನು ಹೇಳಿದ. ಹಬ್ಬದ ದಿನ ಅಕ್ಕನ ಮನೆಯ ಬೇಲಿಯ ತನಕ ಬಂದು ತಿರುಗಿ ಹೋಗುತ್ತಿದ್ದುದನ್ನು ಹೇಳುವಾಗ ಕೊಪ್ಪರಿಗೆಯೊಳಗೇ ಅತ್ತ. ಮಳೆ ತುಸು ತಗ್ಗಿದಾಗಲೆಲ್ಲ ಮುಂದಿನಿಂದ ಮಸುಕಾಗಿ "ಹೂಂ" ಎಂಬ ದನಿ ಕೇಳಿಸುತ್ತಿತ್ತು. ಅಕ್ಕ ಹೂಂಗುಟ್ಟುತ್ತಿದ್ದಾಳೆ ಎಂದು ಅವನ ಜೀವ ಹೂವಾಯಿತು, ಹೊರೆಯೇ ಹಗುರವಾಯಿತು.

ಏರು ಮುಗಿದು, ಮನೆಯೊಂದರ ಅಂಗಳದಲ್ಲಿ ಯಾರೋ ಕೊಪ್ಪರಿಗೆಗೆ ಕೈಕೊಟ್ಟು ಇಳಿಸಿದರು. ಎದುರಿಗೆ, ತಲೆಯಿಂದ ಬೆನ್ನಿನುದ್ದಕ್ಕೂ ಮುಚ್ಚುವ ಎಲೆಯ ಗೊರಬಿನ ಕೆಳಗಿಂದ ಮುಖ ತೋರಿಸಿ ನಿಂತಿದ್ದವಳು ಜಟ್ಟಪ್ಪ ಜನ್ಮದಲ್ಲಿ ಕಾಣದ ಮುದುಕಿ. ಅವಳೇ ಬೆಳ್ಳಜ್ಜಿ, ಮೇಲ್ಬೈಲಿನಲ್ಲಿ ಆಡು ಮೇಯಿಸಿಕೊಂಡಿದ್ದವಳು. ಘಟ್ಟದ ಕೆಳಗಿದ್ದ ಮಗಳ ಮನೆಯಿಂದ ಬರುತ್ತಾ ಮಾಡುಗಲ್ಲಿನಡಿ ನಿಂತು, ತನ್ನ ಆಡುಗಳನ್ನು ಬಿಟ್ಟರೆ ಬೇರಾರೂ ತುಳಿಯದ ಏರುದಾರಿ ಹಿಡಿದು ಮನೆಗೆ ಹೊರಟಿದ್ದಳು. ಬೆನ್ನಿಗೆ ಗೊರಬು, ತಿರುಗಿ ನೋಡಲಾಗದು; ಮಾತಾಡುತ್ತಾ ಬರುವವನು ಯಾರೋ ದಾರಿಹೋಕ ಎಂದು ಹೂಂಗುಟ್ಟಿದ್ದಳು.

"ನಿನ್ನ ಅಕ್ಕ ಸಿಟ್ಟು ಬಿಡ್ತಾಳೋ ಇಲ್ವೋ ನಂಗೊತ್ತಿಲ್ಲ ಮಗಾ," ಎಂದಳಂತೆ ಬೆಳ್ಳಜ್ಜಿ. "ನಂಗಂತೂ ನಿನ್ನ ಮೇಲೆ ಎಂತ ಸಿಟ್ಟೂ ಇಲ್ಲ."

ಎಲ್ಲಿಗೂ ಕೊನೆಗೆ ಬರುವವನು ಈ ಸಲ ಎಲ್ಲರಿಗಿಂತ ಮೊದಲು ಬಂದಿದ್ದ, ಆದರೆ ಹೆಣ್ಣೇ ಬಂದಿರಲಿಲ್ಲ. ಗಂಡಿನ ಮನೆಯವರು ಹಳ್ಳದ ಈಚೆ ದಡದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಮರಳಿದ್ದರು. ಆಚೆ ದಡದಲ್ಲಿ ಹೆಣ್ಣಿನ ದಿಬ್ಬಣ ಸಿಕ್ಕಿಬಿದ್ದಿದೆ, ನೀರು ಆಳುದ್ದ ಹರಿಯುತ್ತಿದೆ ಎಂದರು. ಮುಹೂರ್ತ ಮರುದಿನ ಬೆಳಿಗ್ಗೆಗೆ. ಕೊಟ್ಟ ನೀರನ್ನೂ ಕುಡಿಯದೆ ಜಟ್ಟಪ್ಪ, ದಾರಿ ತೋರಿಸೆಂದು ಬೆಳ್ಳಜ್ಜಿಯ ಕಾಲು ಹಿಡಿದ. ಮುದುಕಿ ಗೊಣಗುತ್ತಲೇ ಗೊರಬು ಏರಿಸಿಕೊಂಡು ಅವನೊಡನೆ ಬಂದ ದಾರಿಯಲ್ಲೇ ಇಳಿದಳು.

ಹಳ್ಳದ ಬದಿಯಲ್ಲಿ ಗಣಪಿ ನೆನೆದ ನೆಲದ ಮೇಲೆ ಕುಕ್ಕರಿಸಿ ಕೂತಿದ್ದಳು. ತಮ್ಮ ಮತ್ತೆ ಕೈಕೊಟ್ಟನೆಂದು ಮೊದಮೊದಲು ಬೈದದ್ದು ನಿಜ. ಆಮೇಲೆ ಕೊಪ್ಪರಿಗೆ ಹೊತ್ತವನು ನೀರಿಗೆ ಬಿದ್ದನೇನೋ ಎಂಬ ದಿಗಿಲು ಹೊಕ್ಕು, ಬೈಗುಳವೆಲ್ಲ ಅಳುವಾಗಿತ್ತು. ಮೇಲಿನಿಂದ ಇಳಿದು ಬಂದ ತಮ್ಮನನ್ನು ಕಂಡವಳು ಎದ್ದು ಬಂದು ಬೆನ್ನಿಗೊಂದು ಗುದ್ದಿದಳು, ಗುದ್ದಿದ ಕೈಯಲ್ಲೇ ಅವನನ್ನು ತಬ್ಬಿಕೊಂಡಳು. ಅವನು ದಾರಿಯುದ್ದಕ್ಕೂ ಹೇಳಿಕೊಂಡದ್ದನ್ನೆಲ್ಲ ಬೆಳ್ಳಜ್ಜಿಯೇ, ಒಂದೂ ಬಿಡದೆ, ಗಣಪಿಗೆ ಒಪ್ಪಿಸಿದಳು.

ಮಾದೇವಿ ದಡದಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಳು. ಜಟ್ಟಪ್ಪ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡ. ಮಂಜು ಕವಿದು ಎರಡು ಹೆಜ್ಜೆ ಮುಂದಿನವರೂ ಮಸುಕಾಗಿದ್ದರು. ಆಗ ಗಣಪಿ ಗಂಟು ಬಿಚ್ಚಿ, ಮದುವೆಯ ಅರಿಶಿನವನ್ನು ನೀರಿಗೆ ತೊಳೆದುಹೋಗದಂತೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಬಗ್ಗಿ ತಮ್ಮನ ಹಿಮ್ಮಡಿಗೆ ಹಚ್ಚತೊಡಗಿದಳು. ಹಿರಿಯಳು ಕಾಲು ಮುಟ್ಟಿದಳೆಂದು ಅವನು ಬೆಚ್ಚಿ ಹಿಂದೆ ಸರಿದ.

"ಸುಮ್ನೆ ನಿಲ್ಲು," ಎಂದಳು ಗಣಪಿ. "ಇನ್ನು ನಾನು ನಿನ್ನ ಹಿಂದೆ ಬರ್ತೆ."

ಅಕ್ಕ ಆಡಿದ್ದು ಅಷ್ಟೇ. ಎಲ್ಲರ ಹಿಮ್ಮಡಿಗೂ ಅರಿಶಿನವಾಯಿತು. ಒಬ್ಬರ ಹಳದಿ ಹಿಡಿದು ಇನ್ನೊಬ್ಬರು, ಪಾದ ಮುಳುಗುವಷ್ಟು ನೀರಿನಲ್ಲಿ, ಯಾರೋ ಎತ್ತಿಕೊಂಡ ಸೋಬಾನೆಗೆ ದನಿಗೂಡಿಸುತ್ತಾ ಏರಿದರು. ಹೊತ್ತು ಮುಳುಗುವ ಮೊದಲೇ ಮೇಲ್ಬೈಲು ಸೇರಿದರು. ಜಟ್ಟಪ್ಪ ಎಲ್ಲಿಯೂ ಮಾದೇವಿಯನ್ನು ಕೆಳಗಿಳಿಸಲಿಲ್ಲ ಎನ್ನುತ್ತಾರೆ.

ಮರುದಿನ ಮುಹೂರ್ತದ ಹೊತ್ತಿಗೆ ಹಿರಿಯರು ಸೋದರಮಾವನನ್ನು ಕರೆದರು. ಸದ್ದಿಲ್ಲ. ಹುಡುಕಿದರೆ ಚಪ್ಪರದ ಕಂಬಕ್ಕೊರಗಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲು ಹೋದವರನ್ನು ಗಣಪಿ ತಡೆದಳು.

"ಅವ ಹೆಣ್ಣನ್ನು ಹೊತ್ತು ತಂದಾಗಿದೆ," ಎಂದಳು. "ಮಂಟಪಕ್ಕೆ ಇನ್ನು ಎಷ್ಟು ಮಹಾ ದೂರ? ಅವಳು ಕುಂಟಿಕೊಂಡೇ ಬರ್ತಾಳೆ. ನನ್ನ ತಮ್ಮ ಮಲಗಲಿ."

ಮಾದೇವಿ ನಗುತ್ತಾ ಕುಂಟುತ್ತಾ ಮಂಟಪಕ್ಕೆ ನಡೆದಳು. ಆ ಊರಿನಲ್ಲಿ ಸೋದರಮಾವ ಎತ್ತಿ ತರದೆ ನಡೆದ ಮದುವೆ ಅದೊಂದೇ, ಅದನ್ನು ಯಾರೂ ಕುಂದೆಂದು ಎಣಿಸಲಿಲ್ಲ.

ಹಳ್ಳಕ್ಕೆ ಈಗ ಸೇತುವೆ ಬಂದಿದೆ, ಏರುದಾರಿಯ ಅಗತ್ಯ ಯಾರಿಗೂ ಇಲ್ಲ. ಆದರೂ ಜೋರು ಮಳೆಯ ದಿನ ಮಾಡುಗಲ್ಲಿನ ಬಳಿ ನಿಂತರೆ, ಬೆನ್ನ ಚೀಲದವರು ಸರದಿಯಲ್ಲಿ ಬಗ್ಗಿ, ತಮ್ಮ ಮುಂದಿನವರ ಬೂಟಿನ ಹಿಮ್ಮಡಿಗೆ ಎಣ್ಣೆಯರಿಶಿನ ಹಚ್ಚುವುದನ್ನು ನೋಡಬಹುದು. ಬಂಡೆಯ ಬುಡವೆಲ್ಲ ಹಳದಿಯಾಗಿದೆ. ಮನೆಯಲ್ಲಿ ಜಗಳವಾಡಿ ಮಾತು ಬಿಟ್ಟವರೂ ಒಬ್ಬರನ್ನೊಬ್ಬರು ಕರೆದುಕೊಂಡು ಬರುತ್ತಾರೆ. ತಪ್ಪು ಮಾಡಿದವರೇ ಬಗ್ಗಿ ಹಚ್ಚಬೇಕೆಂಬ ನಿಯಮವೇನೂ ಇಲ್ಲ. ಹೆಚ್ಚಾಗಿ ಸಿಟ್ಟಾದವರೇ ಮೊದಲು ಬಗ್ಗುತ್ತಾರೆ.