ಕ್ಯಾರವಾನಿನ ಪಡುವಣ ಮೈ

ಹೆದ್ದಾರಿ ಪಕ್ಕ ಒಂದು ತಗಡಿನ ಶೆಡ್ಡು. ಶೆಡ್ಡಿನಲ್ಲಿ ಒಬ್ಬ ತಾಯಿ, ಒಬ್ಬ ಮಗ. ಗಾಡಿಗಳಿಗೆ ಬಣ್ಣ ಹೊಡೆಯುವುದು ಕಸುಬು. ತಾಯಿ ಓಬಮ್ಮನಿಗೆ ಬುದ್ಧಿ ಇತ್ತು, ಕಣ್ಣು ಮಂಜಾಗಿತ್ತು. ಮಗ ಪಾಲಯ್ಯನಿಗೆ ಕಣ್ಣು ಚುರುಕು. ಉಳಿದದ್ದನ್ನು ಕೇಳಬೇಡಿ. ಮೀಸೆ ಬಂದು ಎಷ್ಟೋ ವರ್ಷವಾಗಿದ್ದರೂ ಹೇಳಿದಷ್ಟೇ ಮಾಡುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

"ನಾನು ಹೋದ ಮೇಲೆ ನಿನಗೆ ಯಾರೋ ಹೇಳೋರು?" ಎಂದು ಓಬಮ್ಮ ದಿನಾ ಅಳುತ್ತಿದ್ದಳು.

"ಎಲ್ಲಿಗೆ ಹೋಗ್ತೀಯವ್ವ?" ಎಂದು ಪಾಲ ದಿನಾ ಕೇಳುತ್ತಿದ್ದ.

ಅವಳ ತಮ್ಮ ಬೋರಣ್ಣ ಒಂದು ಬೀಗ ತಂದು ತೋರಿಸಿದ. "ಅಕ್ಕ, ಇನ್ನೊಂದೇ ಗಾಡಿ. ಅದನ್ನೂ ಇವನು ಕೆಡಿಸಿದರೆ ಶೆಡ್ಡಿಗೆ ಬೀಗ. ಇವನು ನನ್ನ ಕುರಿ ಕಾಯಲಿ."

ಆ ಒಂದು ಗಾಡಿ ಬಂತು. ಮಂಚ, ಒಲೆ, ಕಿಟಕಿಗೆ ಪರದೆ, ಎಲ್ಲ ಒಳಗೇ ಇದ್ದ ನೀಲಿ ಕ್ಯಾರವಾನು. ರುದ್ರಮುನಿ ಎಂಬುವನದು. ವರ್ಷಗಟ್ಟಲೆ ಬಯಲಿನಲ್ಲಿ ಒಂದೇ ಕಡೆ ನಿಂತು ಬಣ್ಣ ಬೂದಿಯಾಗಿತ್ತು. ಬಣ್ಣದ ಮೇಲೆ ಹೊಳಪಿಗೆಂದು ಹೊಡೆದ ಕ್ಲಿಯರ್ ವಾರ್ನಿಷು ಹಾವಿನ ಪೊರೆಯ ಹಾಗೆ ಏಳುತ್ತಿತ್ತು.

"ಪಡುವಣ ಮೈ ಚೆನ್ನಾಗಿ ನೋಡಿಯಮ್ಮ. ಅಲ್ಲಿ ಏನೂ ಉಳೀಬಾರದು" ಎಂದ ರುದ್ರಮುನಿ, ಗಾಡಿಯನ್ನು ಬಯಲಿನಲ್ಲಿದ್ದ ದಿಕ್ಕಿಗೇ ನಿಲ್ಲಿಸಿ. ಏನು ಎಂದು ಹೇಳಲಿಲ್ಲ. ಹೋದ.

ಓಬಮ್ಮ ಮಗನ ಕೈಗೆ ಬಣ್ಣ ಉಜ್ಜುವ ವಾಟರ್ ಪೇಪರ್ ಕೊಟ್ಟಳು. "ಬಾನೆಟ್ಟಿನಿಂದ ಶುರು ಮಾಡು. ನೀರು ಹಾಕು, ಉಜ್ಜು. ಕೈಗೆ ನುಣ್ಣಗೆ ಸಿಗೋ ತನಕ ಬಿಡಬೇಡ."

ಪಾಲ ನೀರು ಹಾಕಿದ, ಉಜ್ಜಿದ. ನೀರು ಹಾಕಿದ, ಉಜ್ಜಿದ. ಕ್ಲಿಯರ್ ಹೋಯಿತು, ಬಣ್ಣ ಹೋಯಿತು, ತಗಡು ಬೆಳ್ಳಗೆ ಹೊಳೆಯಿತು.

"ನೋಡವ್ವ, ಎಷ್ಟು ನುಣ್ಣಗಿದೆ!"

"ಅಯ್ಯೋ ಮುಠ್ಠಾಳ! ಬಣ್ಣ ಕಂಡ ಕೂಡಲೆ ನಿಲ್ಲಿಸಬೇಕು ಕಣೋ!"

"ಹೂಂ ಅವ್ವ."

ಮರುದಿನ ಮೂಡಣ ಮೈ. ಮಧ್ಯಾಹ್ನದ ತನಕ ಪಾಲ ಕುಕ್ಕರುಗಾಲಲ್ಲಿ ಕೂತಿದ್ದ. ಪೇಪರ್ ಒದ್ದೆಯೇ ಆಗಿರಲಿಲ್ಲ.

"ಯಾಕೋ ಉಜ್ಜಿಲ್ಲ?"

"ಮೊದಲೇ ಬಣ್ಣ ಕಾಣಿಸ್ತಿತ್ತವ್ವ. ನಿಲ್ಲಿಸಿದೆ."

"ನಿನ್ನ ತಲೆಗಿಷ್ಟು! ಬಿಸಿಲು ಸುಟ್ಟ ಕಡೆ ಉಜ್ಜು. ಸುಡದ ಕಡೆ ಮುಟ್ಟಬೇಡ!"

"ಹೂಂ ಅವ್ವ."

ಮೂಡಣ ಮೈಯನ್ನು ಸರಿಯಾಗೇ ಉಜ್ಜಿದ. ಓಬಮ್ಮನಿಗೆ ಸ್ವಲ್ಪ ಆಸೆ ಹುಟ್ಟಿತು. ಆಮೇಲೆ ಪಡುವಣ ಮೈ. ಸಂಜೆ ಬಂದು ನೋಡಿದಳು. ಮಂಜುಗಣ್ಣಿಗೂ ಕಂಡಿತು.

ಉಜ್ಜಿ ಮಾಸಿದ ಮೈಯ ನಡುವೆ, ಬಿಸಿಲು ಮುಟ್ಟದೆ ಉಳಿದ ಗಾಢ ನೀಲಿ. ಮಡಿಸಿದ ಮೊಣಕಾಲು, ಒರಗಿದ ಬೆನ್ನು, ವಾಲಿದ ತಲೆ, ತಲೆಯ ಹಿಂದೆ ತುರುಬು. ಒಬ್ಬ ಹೆಂಗಸು ಗಾಡಿಗೆ ಒರಗಿ ಕೂತ ಆಕಾರ.

ಮೂಟೆ ಒರಗಿಸಿಟ್ಟಿರಬೇಕು, ಎಂದುಕೊಂಡಳು ಓಬಮ್ಮ. ಬಿಸಿಲು ಬೀಳದ ಕಡೆ ಬಣ್ಣ ಉಳಿಯುತ್ತದೆ, ಅಷ್ಟೇ. ಮೂಟೆಗೆ ತುರುಬು ಯಾಕೆ ಎಂದು ಯೋಚಿಸಲು ಹೋಗಲಿಲ್ಲ.

"ಇದನ್ನ ಯಾಕೋ ಬಿಟ್ಟೆ?"

"ಅವರು ಸುಟ್ಟಿಲ್ಲವ್ವ."

"ಅವರು ಅಂತೆ! ದಡ್ಡ ಶಿಖಾಮಣಿ! ಬೆಳಿಗ್ಗೆ ನಾನು ಬರೋ ಹೊತ್ತಿಗೆ ಆ ಹೆಂಗಸು ಕಾಣಬಾರದು!"

"ಹೂಂ ಅವ್ವ."

ಬೆಳಿಗ್ಗೆ ಬಂದರೆ ಆಕಾರದ ಮೇಲೆ ಕಂಬಳಿ. ಕುತ್ತಿಗೆಯ ತನಕ ಹೊದಿಸಿ, ಮುಖಕ್ಕೆ ಪಾಲನ ಟವೆಲು.

"ಕಾಣ್ತಾರಾ ಅವ್ವ?"

ಓಬಮ್ಮ ಹಣೆ ಚಚ್ಚಿಕೊಂಡಳು. ಕಂಬಳಿ ಕಿತ್ತೆಸೆದಳು. ತಾನೇ ಉಜ್ಜಿದಳು, ತಾನೇ ಬಣ್ಣ ಚಿಮ್ಮಿಸುವ ಗನ್ನು ಹಿಡಿದು ನೀಲಿ ಹೊಡೆದಳು, ನೀಲಿಯ ಮೇಲೆ ಕ್ಲಿಯರ್ ಹೊಡೆದಳು. ಕೈಯೆಲ್ಲ ಅಂಟು. ಆದರೆ ಹೆಂಗಸು ಹೋದಳು. ಗಾಡಿ ಕೆರೆಯ ಹಾಗೆ ಹೊಳೆಯಿತು.

"ಗಾಡಿಯವರನ್ನೂ ನಿಮ್ಮ ಮಾವನನ್ನೂ ಕರ್ಕೊಂಡು ಬರ್ತೀನಿ. ಒಣಗೋ ತನಕ ಇದರ ಮೇಲೆ ಬಿಸಿಲು ಬೀಳಬಾರದು. ನೀನು ಇಲ್ಲೇ ಇದ್ದು ಕಾಯಿ!"

"ಹೂಂ ಅವ್ವ."

ಮೂವರೂ ಬಂದಾಗ ಹೊತ್ತು ಇಳಿದಿತ್ತು. ಪಾಲ ಹಸಿ ಕ್ಲಿಯರ್‌ಗೆ ಅಂಟಿಕೊಂಡು ಕೂತಿದ್ದ. ಮಡಿಸಿದ ಮೊಣಕಾಲು, ಒರಗಿದ ಬೆನ್ನು, ವಾಲಿದ ತಲೆ.

ಬೋರಣ್ಣ ನಗುತ್ತ ಜೇಬಿನಿಂದ ಬೀಗ ಹೊರತೆಗೆದ. "ನೋಡಿದೆಯಾ ಅಕ್ಕ?"

"ಏಳೋ ಪಾಪಿ! ಯಾಕೋ ಅಲ್ಲಿ ಕೂತೆ?"

"ಬಿಸಿಲು ಬಿತ್ತವ್ವ. ಅಡ್ಡ ಕೂತೆ."

"ಹಾಗೆ ಯಾಕೋ ಕೂತೆ? ಹಾಗೆ ಕೂರೋಕೆ ಯಾರು ಹೇಳಿದರು?"

"ಅವರೇ. ಕಂಬಳಿ ಹೊದಿಸಿದೆನಲ್ಲ, ಅವರು. ಸ್ವಲ್ಪ ಹೊತ್ತು ನನ್ನ ಜಾಗದಲ್ಲಿ ಕೂತಿರಪ್ಪ, ಎದ್ದು ಒಳಗೆ ಹೋಗಿ ಬರ್ತೀನಿ ಅಂದರು. ಬರೋ ತನಕ ಏಳಬೇಡ ಅಂದರು."

ಬೋರಣ್ಣನ ನಗು ಅರ್ಧಕ್ಕೆ ನಿಂತಿತು. ರುದ್ರಮುನಿ ಗಾಡಿಯ ಬಾಗಿಲನ್ನೇ ನೋಡುತ್ತಿದ್ದ.

"ನನ್ನ ಹೆಂಡತಿ ದಿನಾ ಮಧ್ಯಾಹ್ನ ಅಲ್ಲೇ ಒರಗಿ ಕೂರ್ತಿದ್ದಳು" ಎಂದ. "ಕಾಲಿಗೆ ಬಲ ಇರಲಿಲ್ಲ. ಯಾರಾದರೂ ಎಬ್ಬಿಸಬೇಕಿತ್ತು. ಒಂದು ದಿನ ನಾನು ಎಬ್ಬಿಸೋಕೆ ಬಂದಾಗ ತಡವಾಗಿತ್ತು."

ಒಳಗೆ ಟಕ್ ಎಂದಿತು. ಬಿಸಿಲು ಇಳಿದರೆ ಕಾದ ತಗಡು ಟಕ್ ಎನ್ನುತ್ತದೆ. ಎಲ್ಲ ಗಾಡಿಗಳೂ ಎನ್ನುತ್ತವೆ.

"ಏಳು ಅಂದರು" ಎಂದು ಪಾಲ ಎದ್ದ. ಅಂಗಿಯ ಬೆನ್ನು ಹರಿದು ಗಾಡಿಯಲ್ಲೇ ಉಳಿಯಿತು. ಕ್ಲಿಯರ್ ಮೇಲೆ ಆಕಾರವೂ ಉಳಿಯಿತು, ಅದೇ ಜಾಗದಲ್ಲಿ. ಪಾಲನದು ಬೋಳುತಲೆ. ಆಕಾರಕ್ಕೆ ತುರುಬಿತ್ತು.

"ಇನ್ನೊಂದು ಸಲ ಉಜ್ಜಿ ಕೊಡ್ತೀನಿ ಸ್ವಾಮಿ" ಎಂದು ಓಬಮ್ಮ ಕೈ ಮುಗಿದಳು.

"ಬೇಡಮ್ಮ. ಸರಿಯಾಗಿದೆ." ರುದ್ರಮುನಿ ಡ್ರೈವರ್ ಸೀಟು ಹತ್ತಿದ. ಪಕ್ಕದ ಸೀಟಿನ ಮೇಲಿದ್ದ ಚೀಲ ತೆಗೆದು ಹಿಂದಕ್ಕಿಟ್ಟ, ಸೀಟು ಒರೆಸಿದ, ಸ್ವಲ್ಪ ಕಾದ. ಆಮೇಲೆ ಹೊರಟ.

"ಗಾಡಿಯವನೇ ಒಪ್ಪಿದ ಮೇಲೆ ನಾನೇನು ಹೇಳಲಿ" ಎಂದು ಬೋರಣ್ಣ ಬೀಗ ಜೇಬಿಗಿಟ್ಟು, ಹಿಂದೆ ನೋಡದೆ ಹೋದ.

ಶೆಡ್ಡು ಉಳಿಯಿತು. ಓಬಮ್ಮ ಮಗನ ಕಿವಿ ಹಿಂಡಿದಳು. "ಇನ್ನು ಮೇಲೆ ಉಸಿರಾಡೋರು ಹೇಳಿದ್ದು ಮಾತ್ರ ಕೇಳಬೇಕು! ಉಸಿರಿಲ್ಲದವರು ಏನು ಹೇಳಿದರೂ ಕೇಳಕೂಡದು! ತಿಳೀತಾ?"

"ಹೂಂ ಅವ್ವ."

ಒಲೆ ಹಚ್ಚಿದಳು, ಮುದ್ದೆ ತೊಳಸಿದಳು, ತಟ್ಟೆ ಇಟ್ಟಳು. "ಪಾಲ, ಉಣ್ಣು ಬಾರೋ."

ಪಾಲ ಎದ್ದು ಬಂದ. ಅವಳ ಮೂಗಿನ ಕೆಳಗೆ ಬೆರಳಿಟ್ಟ. ಬಹಳ ಹೊತ್ತು ಹಾಗೇ ಹಿಡಿದ. ಮುಖ ಸಪ್ಪಗಾಯಿತು. ತಟ್ಟೆ ಮುಟ್ಟದೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ.

"ಏಯ್! ಪಾಲ! ಏನಾಯ್ತೋ? ಮಾತಾಡೋ!"

ಕರೆದಳು, ಬೈದಳು, ಬೇಡಿಕೊಂಡಳು. ಅವನು ತಿರುಗಲಿಲ್ಲ.

ಅವನ ಬೆರಳಿಗೆ ಕ್ಲಿಯರ್ ಒಣಗಿ ಗಾಜಿನಂತಾಗಿತ್ತು. ಅಂಥ ಬೆರಳಿಗೆ ಉಸಿರು ತಾಕುವುದು ಹೇಗೆ? ಓಬಮ್ಮನಿಗೆ ನಗು ಬಂತು. ತನ್ನ ಬೆರಳನ್ನು ತನ್ನ ಮೂಗಿನ ಕೆಳಗೆ ಇಟ್ಟುಕೊಂಡಳು.

ಏನೂ ತಾಕಲಿಲ್ಲ.

ನನ್ನ ಕೈಗೂ ಕ್ಲಿಯರ್ ಮೆತ್ತಿದೆಯಲ್ಲ, ಅದಕ್ಕೇ, ಎಂದುಕೊಂಡು ಅವಳು ಬಣ್ಣ ಕರಗಿಸುವ ಥಿನ್ನರ್ ಡಬ್ಬಿ ಹುಡುಕಲು ಎದ್ದಳು.